ಅವಳ ಕಣದ ಮೇಲಿನ ಬಿಸಿಲು

ಆ ಹೆಂಗಸನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ. ಅವಳೇನೂ ನನ್ನ ಗಂಡನ ಮೇಲೆ ಕಣ್ಣು ಹಾಕಿದವಳಲ್ಲ. ಹಾಕಿದ್ದರೂ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲವೇನೋ. ಅವಳು ನನ್ನ ಅತ್ತೆಯನ್ನು ಒಲಿಸಿಕೊಂಡಳು. ಮೂವತ್ತೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿ ನನ್ನಿಂದ ಆಗದ ಕೆಲಸ ಅವಳಿಗೆ ಒಂದೂವರೆ ತಿಂಗಳಲ್ಲಿ ಆಗಿಹೋಯಿತು.

ಸೋಮವಾರಪೇಟೆಯಿಂದ ಸ್ವಲ್ಪ ದೂರದಲ್ಲಿ ಅವಳು ವಯಸ್ಸಾದವರಿಗೆಂದು ಒಂದು ಚಿಕ್ಕ ಮನೆ ನಡೆಸುತ್ತಾಳೆ. ಐದೇ ಮಂಚ. ಹಿಂದೆ ಎರಡು ಎಕರೆ ಕಾಫಿ, ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ಅವಳು ಸಂಪಾಜೆ ಕಡೆಯವಳು, ಮನೆಮಾತು ಅರೆಭಾಷೆ. ಎಷ್ಟೋ ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಊರಿನವರು ಆ ಮನೆಯನ್ನು ವೃದ್ಧಾಶ್ರಮ ಎಂದೇ ಕರೆಯುತ್ತಾರೆ. ನಮ್ಮನೆಯವರು ಮಾತ್ರ "ಆಶ್ರಮ ಅನ್ಬೇಡ, ಹೋಮ್ ಅನ್ನು" ಎಂದು ನನ್ನನ್ನು ತಿದ್ದುತ್ತಿದ್ದರು. ಹೆಸರು ಬದಲಾಯಿಸಿದರೆ ಅವರ ಮನಸ್ಸಿನ ಕಸಿವಿಸಿ ಕಡಿಮೆಯಾಗುತ್ತಿತ್ತೋ ಏನೋ.

ಆ ಮನೆಯ ಮಾತು ನಮ್ಮಲ್ಲಿ ಎದ್ದದ್ದು ನನ್ನ ಮಂಡಿಗಳಿಂದ. ಎರಡಕ್ಕೂ ಆಪರೇಷನ್ ಆಗಲೇಬೇಕು, ಎರಡು ತಿಂಗಳು ಯಾರನ್ನೂ ಎತ್ತುವುದು ಬಗ್ಗುವುದು ಕೂಡದು ಎಂದರು ಡಾಕ್ಟರು. ಅತ್ತೆಗೆ ಎಂಬತ್ತಮೂರು. ಸ್ನಾನಕ್ಕೆ ಕೈಹಿಡಿಯಬೇಕು, ರಾತ್ರಿ ಎದ್ದರೆ ಜೊತೆಗೆ ಎದ್ದೇಳಬೇಕು. ಮಗಳು ಹಾಸನದಲ್ಲಿ, ಅವಳಿಗೆ ಹಸುಗೂಸು. ಇವರಿಗೆ ಕಾಫಿ ಹಣ್ಣು ಕೀಳಿಸುವ ಪಿಕಿಂಗ್ ಸಮಯ, ಬೆಳಗಾದರೆ ತೋಟ. ಬೇರೆ ದಾರಿ ಇರಲಿಲ್ಲ.

ನಾನು ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದುಗಡೆ ನಡುವೆ ಗೆರೆ ಎಳೆದು, ಒಂದು ಕಡೆ ಒಳ್ಳೆಯದು, ಇನ್ನೊಂದು ಕಡೆ ಕೆಟ್ಟದ್ದು ಎಂದು ಬರೆಯುತ್ತಾ ಹೋದೆ. ಮೆಟ್ಟಿಲಿಲ್ಲದ ಮನೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಬಿಪಿ ನೋಡಬಲ್ಲವರು ಮನೆಯಲ್ಲೇ ಇರುತ್ತಾರೆ, ಐದೇ ಜನರಾದ್ದರಿಂದ ಒಬ್ಬರ ಮುಖ ಬಾಡಿದರೂ ಗೊತ್ತಾಗುತ್ತದೆ. ಇವೆಲ್ಲ ಒಳ್ಳೆಯ ಕಡೆ. ಅತ್ತೆ ಸ್ನಾನ ಮಾಡಿ ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ಕಾಫಿ ಮುಟ್ಟುವವರಲ್ಲ, ಅಲ್ಲಿ ಅಷ್ಟು ಹೊತ್ತಿಗೆ ಬಿಸಿನೀರು ಸಿಗುತ್ತದೋ ಇಲ್ಲವೋ. ಮನೆ ನಡೆಸುವವಳಿಗೇ ಜ್ವರ ಬಂದರೆ ಐದೂ ಜನರನ್ನು ನೋಡುವವರು ಯಾರು? ಸಾರು ನೀರಾಗಿರಬಹುದು. ಜನ ಏನಂತಾರೆ ಎಂದೂ ಬರೆದೆ. ನಾಚಿಕೆಯಾಗಿ ಅದನ್ನು ಹೊಡೆದುಹಾಕಿದೆ. ಹೊಡೆದುಹಾಕಿದ ಮೇಲೂ ಅದೇ ಎದ್ದು ಕಾಣುತ್ತಿತ್ತು.

ಒಂದು ದಿನ ಹೋಗಿ ನೋಡಿಯೂ ಬಂದೆ. ಬಚ್ಚಲ ನೆಲವನ್ನು ಬರಿಗಾಲಲ್ಲಿ ಉಜ್ಜಿ ಜಾರುತ್ತದೆಯೇ ಎಂದು ಪರೀಕ್ಷಿಸಿದೆ. ದಿಂಬು ಮೂಸಿದೆ. ಮಂಚದ ಕೆಳಗೆ ಬಗ್ಗಲಾಗದೆ ಇವರನ್ನು ಬಗ್ಗಿಸಿ ನೋಡಿಸಿದೆ. ಸಾರಿನ ರುಚಿ ನೋಡಿದೆ, ಚೆನ್ನಾಗಿತ್ತು, ಅದಕ್ಕೇ ಸ್ವಲ್ಪ ಬೇಜಾರಾಯಿತು. ಇಷ್ಟೆಲ್ಲ ಆಗಿ, ಅವರು ಹೋಗುವ ದಿನವನ್ನೂ ಗೊತ್ತುಮಾಡಿದ ಮೇಲೆ ಅತ್ತೆಯ ಪಕ್ಕ ಕೂತು ಜೋರಾಗಿ ಹೇಳಿದೆ. "ಎರಡೇ ತಿಂಗಳು ಅತ್ತೆ. ಆಗಬಹುದಾ?"

"ಆಯ್ತು" ಎಂದರು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಆಪರೇಷನ್ ಆಗಿ ಮೂರು ವಾರಕ್ಕೆ ವಾಕರ್ ಹಿಡಿದು ಅತ್ತೆಯನ್ನು ನೋಡಲು ಹೋದೆ. ದಾರಿಯುದ್ದಕ್ಕೂ ಅವರು ಅಳುವುದನ್ನೂ ನಾನು ಸಮಾಧಾನ ಮಾಡುವುದನ್ನೂ ಕಲ್ಪಿಸಿಕೊಂಡಿದ್ದೆ. ಬೇಕಾದ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಜೀಪು ಗೇಟಿನೊಳಗೆ ಹೋದಾಗ ಅತ್ತೆ ತಲೆಗೆ ಟವೆಲ್ ಹೊದ್ದು ಕಣದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವಳು ಮೊರದಲ್ಲಿ ಒಣಗಿದ ಕಾಫಿ ಕಾಯಿ ತಂದು ಮುಂದೆ ಹಿಡಿದಿದ್ದಳು. ಅತ್ತೆ ಒಂದು ಮುಷ್ಟಿ ತೆಗೆದುಕೊಂಡು ಅಲ್ಲಾಡಿಸಿದರು.

"ಇದು ಸಂಜೆಗಂಟ ಇರ್ಲಿ. ಆ ಮೂಲೇದು ಎತ್ತು ಮಗಾ."

ಮಗಾ! ನನ್ನನ್ನು ಮೊದಲ ಹತ್ತು ವರ್ಷ "ಏ ಹುಡುಗಿ" ಎಂದರು, ಆಮೇಲೆ "ನೋಡಿಲ್ಲಿ" ಎಂದರು. ಆ ಸಿಟ್ಟನ್ನು ಹಾಗೆಯೇ ಹೊರಗೆ ಹಾಕಲು ಬಾರದೆ ಬೇರೆ ದಾರಿ ಹಿಡಿದೆ.

"ಏನಮ್ಮಾ ಇದು, ಎಂಬತ್ತು ದಾಟಿದವರನ್ನ ಬಿಸಿಲಲ್ಲಿ ಕೂರಿಸಿ ಕೆಲಸ ತಗೋತಿದ್ದೀಯ? ನಾವು ಇಲ್ಲಿ ಬಿಟ್ಟಿರೋದು ಇದಕ್ಕಾ?"

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಎಂತ ಮಾಡೋದು ಅಕ್ಕ, ಒಳಗೆ ಬನ್ನಿ ಅಂದ್ರೆ ಅವ್ವ ಬರ್ಬೇಕಲ್ಲ. ಅವರು ನೋಡಿ ಹೇಳದೆ ಈಗ ನಂಗೂ ಧೈರ್ಯ ಇಲ್ಲ" ಎಂದು ನಕ್ಕಳು.

ಮನೆಗೆ ಬಂದವಳೇ ಕ್ಯಾಲೆಂಡರ್ ಹಾಳೆ ಹುಡುಕಿ, ಕೆಟ್ಟದ್ದರ ಕೆಳಗೆ 'ಕೆಲಸ ಮಾಡಿಸುತ್ತಾರೆ' ಎಂದು ಬರೆದು ಎರಡು ಗೆರೆ ಎಳೆದೆ.

ಅವಳ ಉಪಾಯ ನನಗೆ ಅರ್ಥವಾಗಿದೆ ಎಂದುಕೊಂಡಿದ್ದೆ. ಕಾಯಿ ಒಣಗಿದೆಯೇ ಎಂದು ನೋಡಲು ನಮ್ಮ ಕಡೆ ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುವುದು ಹಳೆಯ ಕ್ರಮ. ಒಣಗಿದ್ದರೆ ಒಳಗಿನ ಬೀಜ ಗಿಲಿಗಿಲಿ ಎನ್ನುತ್ತದೆ. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ನಮ್ಮ ಮನೆಯಲ್ಲಿ ಅತ್ತೆ ಹೂಂ ಎಂದ ಮೇಲೆಯೇ ಕಾಫಿ ಚೀಲಕ್ಕೆ ಹೋಗುತ್ತಿದ್ದದ್ದು. ಮಾವನೂ ಅವರ ಬಾಯಿ ನೋಡುತ್ತಿದ್ದರು. ಐದಾರು ವರ್ಷದ ಹಿಂದೆ ಅತ್ತೆಯ ಕಿವಿ ಮಂದವಾಯಿತು. ಆ ವರ್ಷ ಕಣದಲ್ಲಿ, ಕೆಲಸದವರೆಲ್ಲ ನಿಂತಿರುವಾಗ, ನಾನೇ ಅಂದಿದ್ದೆ. "ಅತ್ತೆ, ನಿಮಗೆ ಕುಕ್ಕರ್ ಕೂಗಿದ್ದೇ ಗೊತ್ತಾಗಲ್ಲ, ಇನ್ನು ಇದು ಗೊತ್ತಾಗುತ್ತಾ? ನೀವು ಒಳಗೆ ಕೂತ್ಕೊಳಿ." ಎಲ್ಲರೂ ನಕ್ಕರು. ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಕಣಕ್ಕೆ ಹಾಕಿ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಅದೇ ವಾರ ತೇವ ನೋಡುವ ಮೀಟರ್ ಬಂತು. ಅಂದಿನಿಂದ ಹೂಂ ಎನ್ನುವವಳು ನಾನಾದೆ. ಅದು ನನಗೆ ಇಷ್ಟವೂ ಆಗಿತ್ತು, ಯಾಕೆ ಸುಳ್ಳು ಹೇಳಲಿ.

ಆಮೇಲೆ ಒಂದೊಂದೇ ಕೆಲಸ ಬಿಡಿಸಿದೆ. ಕೈ ನಡುಗುತ್ತದೆ ಎಂದು ಈಳಿಗೆಮಣೆ, ಮರೆವು ಎಂದು ಗ್ಯಾಸ್, ಸೊಂಟ ನೋವು ಎಂದು ಹೂವಿನ ಗಿಡ. ಕೊನೆಗೆ ಅವರೆಕಾಯಿ ಸುಲಿಯುವುದನ್ನೂ. "ಸೊಸೆ ಅಂದ್ರೆ ಹೀಗಿರ್ಬೇಕು, ಅತ್ತೇನ ಒಂದು ಕಡ್ಡಿ ಎತ್ತೋಕೆ ಬಿಡಲ್ಲ" ಎಂದು ಬಂದ ನೆಂಟರೆಲ್ಲ ಹೊಗಳುತ್ತಿದ್ದರು. ಕಿಟಕಿಯ ಪಕ್ಕ ಕೈ ಮಡಿಲಲ್ಲಿಟ್ಟು ಕೂತ ಅತ್ತೆಗೆ ಆ ಹೊಗಳಿಕೆ ಕಿವಿಗೆ ಬೀಳುತ್ತಿರಲಿಲ್ಲ, ಪುಣ್ಯ.

ಹಾಗಾಗಿ ಕಿವಿ ಕೇಳದ ಮುದುಕಿಯ ಮುಂದೆ ಮೊರ ಹಿಡಿಯುವುದು ಬರೀ ನಾಟಕ, ಅತ್ತೆಯನ್ನು ಖುಷಿಪಡಿಸುವ ನರ್ಸಿನ ಬುದ್ಧಿ ಎಂದು ತೀರ್ಮಾನಿಸಿದೆ.

ಎರಡನೇ ಸಲ ಹೋದಾಗ ಇನ್ನೂ ದೊಡ್ಡ ಪೆಟ್ಟು ಬಿತ್ತು. ಜೀಪಿನಿಂದ ಇಳಿಯಲು ವಾಕರ್ ಸರಿಮಾಡಿಕೊಳ್ಳುತ್ತಿದ್ದೆ. ಜಗಲಿಯಲ್ಲಿ ಅತ್ತೆ ಅವಳ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಇಬ್ಬರೂ ಕಣ್ಣು ಮುಚ್ಚಿಕೊಂಡಿದ್ದರು. ನನ್ನ ಕೈಯನ್ನು ಅತ್ತೆ ಹಾಗೆ ಹಿಡಿದದ್ದು ಒಮ್ಮೆಯೂ ಇಲ್ಲ. ಧಾರೆಯ ದಿನ ಬಳೆ ತೊಡಿಸಿದಾಗ ಹಿಡಿದದ್ದು ಬಿಟ್ಟರೆ ಇಲ್ಲ. ಆ ಹೊತ್ತು ಆ ಐದು ಮಂಚದ ಮನೆಗೆ ಬೀಗ ಬೀಳಲಿ ಎಂದು ಶಾಪ ಹಾಕಿದೆ. ಅವಳ ಅಕ್ಕಿರೊಟ್ಟಿ, ಅವಳು ತಲೆ ಬಾಚುವ ರೀತಿ, ಬೆಳಗ್ಗೆ ಐದಕ್ಕೇ ಅತ್ತೆಗೆ ಕಾಯಿಸಿಕೊಡುವ ನೀರು, ಎಲ್ಲದರ ಮೇಲೂ ಹೊಟ್ಟೆ ಉರಿಯಿತು. ಹಾಳೆಯಲ್ಲಿ ಒಳ್ಳೆಯ ಕಡೆ ಬರೆದದ್ದೆಲ್ಲ ಈಗ ನನ್ನ ಕಣ್ಣಿಗೆ ಕೆಟ್ಟದ್ದಾಗಿ ಕಾಣುತ್ತಿತ್ತು.

ವಾಪಸ್ ಬರುವಾಗ ಇವರು "ಅವ್ವ ಮೈಕೈ ತುಂಬ್ಕೊಂಡಿದ್ದಾರೆ, ಅಲ್ವಾ?" ಎಂದರು.

"ಊತ ಇರ್ಬೇಕು" ಎಂದೆ.

ಎರಡು ತಿಂಗಳು ತುಂಬಲು ಇನ್ನೂ ಎರಡು ವಾರವಿತ್ತು. ನಾನು ಕಾಯಲಿಲ್ಲ. ಅತ್ತೆಯ ಕೋಣೆ ಗುಡಿಸಿ ಒರೆಸಿದೆ, ಹಾಸಿಗೆ ಬಿಸಿಲಿಗೆ ಹಾಕಿಸಿದೆ, ಬಚ್ಚಲಿಗೆ ಅವಳ ಮನೆಯಲ್ಲಿದ್ದಂಥದೇ ಕಂಬಿ ಹಾಕಿಸಿದೆ. ಅಷ್ಟರಲ್ಲಿ ನಮ್ಮ ಮೊದಲ ಪಿಕಿಂಗಿನ ಕಾಯಿಯೂ ಒಣಗಿತ್ತು. ಮೀಟರ್ ಇಟ್ಟು ನೋಡಿದೆ, ಸರಿಯಾಗಿತ್ತು, ಚೀಲಕ್ಕೆ ತುಂಬಿಸಿ ದಬ್ಬಳದಲ್ಲಿ ಹೊಲಿಸಿದೆ. ಆಗ ಬುದ್ಧಿ ಹೊಳೆಯಿತು. ಅವಳ ನಾಟಕ ನಾನೂ ಆಡಬಹುದಲ್ಲ! ಒಂದು ಚೀಲದ ಬಾಯಿ ಸ್ವಲ್ಪ ಬಿಚ್ಚಿಸಿ, ಕೈಗೆ ಸಿಕ್ಕಷ್ಟು ಕಾಯಿ ತೆಗೆಸಿ ಡಬ್ಬಿಗೆ ಹಾಕಿಕೊಂಡು ಹೊರಟೆ. ಅತ್ತೆ ಮುಷ್ಟಿ ಅಲ್ಲಾಡಿಸುತ್ತಾರೆ, ಹೂಂ ಅನ್ನುತ್ತಾರೆ, ಖುಷಿಯಾಗುತ್ತಾರೆ, ಜೀಪು ಹತ್ತುತ್ತಾರೆ. ಹೀಗೆ ಲೆಕ್ಕ ಹಾಕಿದ್ದೆ.

ಜಗಲಿಯಲ್ಲಿ ಅತ್ತೆಯ ಮುಂದೆ ಡಬ್ಬಿ ತೆರೆದೆ. ಅವಳೂ ಅಲ್ಲೇ ನಿಂತಿದ್ದಳು. ನಿಂತಿರಲಿ, ನೋಡಲಿ ಎಂದೇ ನಾನು ದನಿ ಏರಿಸಿದೆ. "ಅತ್ತೆ, ನಮ್ಮ ಕಣದ್ದು. ಒಣಗಿದ್ಯಾ ನೋಡಿ. ನೀವು ಹೇಳಿದ್ರೆ ತುಂಬಿಸ್ತೀನಿ."

ಅತ್ತೆ ಮುಷ್ಟಿ ತುಂಬಾ ತೆಗೆದುಕೊಂಡು ಕಣ್ಣು ಮುಚ್ಚಿದರು. ಕೈಯನ್ನು ಕಿವಿಯ ಹತ್ತಿರ ಒಯ್ಯಲೇ ಇಲ್ಲ. ಮಡಿಲ ಮೇಲೆಯೇ ಎರಡು ಸಲ ಅಲ್ಲಾಡಿಸಿದರು.

"ಇನ್ನೂ ಎರಡು ಬಿಸಿಲು ಬೇಕು ಕಣೆ."

"ಅತ್ತೆ, ಮೀಟರಲ್ಲಿ..."

"ಮೀಟರ್ ಎಲ್ಲಿಟ್ಟೆ? ಬಿಸಿಲು ಜಾಸ್ತಿ ಬೀಳೋ ಮೂಲೇಲಿ ಇಟ್ಟಿರ್ತೀಯ. ಬೀಜ ಅಂಗೈಗೆ ಬಡೀಬೇಕು. ಅರ್ಧ ಬಡೀತೈತೆ, ಅರ್ಧ ಅಂಟ್ಕಂಡೈತೆ."

ಮೀಟರ್ ಇಟ್ಟದ್ದು ಆ ಮೂಲೆಯಲ್ಲೇ. ವಾಕರ್ ಹಿಡಿದು ಕಣದ ನಡುವೆ ಹೋಗಲಾಗದೆ ಅಂಚಿನಲ್ಲೇ ನೋಡಿದ್ದೆ.

ಅವಳು ಮೆಲ್ಲಗೆ ನನಗೆ ಹೇಳಿದಳು. "ಅವ್ವನಿಗೆ ಸದ್ದು ಬೇಡ ಅಕ್ಕ, ಕೈಗೇ ಗೊತ್ತಾಗ್ತದೆ. ನಂಗೂ ಕಲಿಸ್ತಾ ಇದ್ದಾರೆ, ನಂಗೆ ಇನ್ನೂ ಬರುದಿಲ್ಲ." ಹಾಗಾದರೆ ಅಂದು ಕೈಹಿಡಿದು ಕೂತದ್ದು ಪಾಠಕ್ಕೆ. ಮೂವತ್ತೊಂದು ವರ್ಷದಲ್ಲಿ ನಾನು ಕಲಿಸಿ ಎಂದಿರಲಿಲ್ಲ. ಕಿವಿಯ ವಿದ್ಯೆ ಎಂದುಕೊಂಡಿದ್ದೆ, ಕಿವಿ ಹೋದಾಗ ವಿದ್ಯೆಯೂ ಹೋಯಿತು ಎಂದುಕೊಂಡಿದ್ದೆ.

ಅತ್ತೆ ಮುಷ್ಟಿ ಬಿಚ್ಚಿ ಕಾಯಿಗಳನ್ನು ಬೆರಳಲ್ಲಿ ಸರಿಸಿ ನೋಡುತ್ತಿದ್ದರು. ಅದರೊಳಗಿಂದ ಏನನ್ನೋ ಎತ್ತಿ ನನ್ನ ಮುಂದೆ ಹಿಡಿದರು. ಗೋಣಿಚೀಲದ ಒಂದು ನಾರು.

"ಆಗ್ಲೇ ತುಂಬಿದ್ದೀಯ."

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ತುಂಬಿ ಆದ್ಮೇಲೆ ನನ್ನ ಯಾಕ್ ಕೇಳ್ತೀಯ? ಇವಳು ತುಂಬೋಕ್ ಮುಂಚೆ ಕೇಳ್ತಾಳೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಕ್ಯಾಲೆಂಡರಿನ ಹಾಳೆ ನೆನಪಾಯಿತು. ಅದರ ಎರಡೂ ಕಡೆ ಎಷ್ಟೊಂದು ಬರೆದಿದ್ದೆ, ಪಕ್ಕದ ಕೋಣೆಯಲ್ಲಿ ಕೂತಿದ್ದವರನ್ನು ಒಂದು ಮಾತು ಕೇಳಿರಲಿಲ್ಲ. ಗೇಟಿನ ಹೊರಗೆ ಇವರು ಜೀಪು ತಿರುಗಿಸಿ ನಿಲ್ಲಿಸಿಕೊಂಡಿದ್ದರು. ಅತ್ತೆಯ ಹಾಸಿಗೆ ಬಿಸಿಲಿನಿಂದ ಒಳಗೆ ಹೋಗಿ ಮಂಚದ ಮೇಲೆ ಹಾಸಿಯೂ ಆಗಿತ್ತು.

ಅಂದು ಅವರನ್ನು ಬನ್ನಿ ಎನ್ನಲಿಲ್ಲ. ಮನೆಗೆ ಬಂದು ಚೀಲಗಳನ್ನೆಲ್ಲ ಬಿಚ್ಚಿಸಿದೆ. "ತಲೆ ಕೆಟ್ಟಿದ್ಯಾ ನಿಂಗೆ, ಮೀಟರ್ ಸರಿ ಇತ್ತಲ್ಲ" ಎಂದು ಇವರು ಕೂಗಾಡಿದರು. ಚೀಲದ ತಳದ ಕಾಯಿ ಕೈಗೆ ತಣ್ಣಗೆ ಹತ್ತಿದ ಮೇಲೆ ಸುಮ್ಮನಾದರು. ಎರಡು ದಿನ ಮತ್ತೆ ಹರಡಿದೆವು. ನಾನೂ ಕುರ್ಚಿ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ ಮುಷ್ಟಿ ಅಲ್ಲಾಡಿಸಿದೆ. ನನ್ನ ಅಂಗೈಗೆ ಏನೂ ತಿಳಿಯಲಿಲ್ಲ.

ಮೂರನೇ ದಿನ ಖಾಲಿ ಕೈಯಲ್ಲಿ ಹೋದೆ. ಡಬ್ಬಿ ಇಲ್ಲ, ಜೀಪೂ ಇಲ್ಲ, ನನ್ನನ್ನು ಅಲ್ಲಿಗೆ ಬಿಟ್ಟು ಹೊರಟುಹೋಗಲು ಆಟೋದವನಿಗೆ ಹೇಳಿದ್ದೆ. ಅತ್ತೆ ಕಣದ ಅಂಚಿನಲ್ಲೇ ಇದ್ದರು. ಅವರ ಪಕ್ಕ ಕೂತು, ಕಿವಿಗೆ ಬಾಯಿ ಹತ್ತಿರ ಮಾಡಿ, ಇಷ್ಟು ವರ್ಷದಲ್ಲಿ ಮೊದಲ ಸಲ ಉತ್ತರ ಏನು ಬರುತ್ತದೆಂದು ಗೊತ್ತಿಲ್ಲದೆ ಒಂದು ಪ್ರಶ್ನೆ ಕೇಳಿದೆ.

"ಅತ್ತೆ, ಮನೆಗೆ ಬರ್ತೀರಾ, ಇಲ್ಲೇ ಇರ್ತೀರಾ? ನೀವು ಹೇಳ್ದಂಗೆ."

ಅತ್ತೆ ಕಣದ ಕಡೆ ತಿರುಗಿದರು. ಒಳಗಿಂದ ಅವಳು ಕಾಫಿ ತಂದಳು, ನನಗೂ ಒಂದು ಲೋಟ. ಅವಳ ಮುಖವೂ ಬಾಡಿತ್ತು. ಪ್ರಶ್ನೆ ಅವಳಿಗೂ ಕೇಳಿಸಿತ್ತು.

"ಈ ಕಣ ಎತ್ತೋಗಂಟ ಇರ್ತೀನಿ" ಎಂದರು ಅತ್ತೆ. "ಇವಳಿಗೆ ಇನ್ನೂ ಕೈ ಕೂತಿಲ್ಲ. ಎತ್ತಿದ ಮೇಲೆ ಬಾ. ಬಂದು ಕೇಳು."

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಕೇಳು ಎಂದರು. ನಾನು ಕಣದ ಕಡೆ ನೋಡಿದೆ. ಹಿಂದಿನ ದಿನವಷ್ಟೇ ಹರಡಿದ ಎರಡನೇ ಪಿಕಿಂಗಿನ ಹಣ್ಣು, ಇನ್ನೂ ಕೆಂಪಗೆ, ರಸ ತುಂಬಿಕೊಂಡು ಬಿದ್ದಿತ್ತು. ಕಮ್ಮಿಯೆಂದರೂ ಹದಿನೈದು ದಿನ.

ಇದು ನಡೆದು ಈಗ ಹನ್ನೊಂದು ದಿನ. ಅವಳ ಮೇಲಿನ ಹೊಟ್ಟೆಕಿಚ್ಚು ಕಡಿಮೆಯಾಗಿಲ್ಲ, ಆದೀತೆಂಬ ನಂಬಿಕೆಯೂ ಇಲ್ಲ. ಆದರೆ ಬೆಳಗ್ಗೆ ಎದ್ದವಳೇ ಕಿಟಕಿ ತೆಗೆದು ಆಕಾಶ ನೋಡುತ್ತೇನೆ. ನಮ್ಮ ಕಣ ಖಾಲಿಯಾಗಿ ವಾರದ ಮೇಲಾಯಿತು, ಎರಡನೇ ಪಿಕಿಂಗ್ ಇನ್ನೂ ಶುರುವಾಗಿಲ್ಲ. ಮೋಡವಿದ್ದರೆ ಮತ್ತೆ ಮತ್ತೆ ಹೊರಗೆ ಹೋಗಿ ನೋಡುತ್ತೇನೆ. ದೇವರ ಮುಂದೆ ನಿಂತು, ಅವಳ ಕಣದ ಮೇಲೆ ಒಳ್ಳೆಯ ಬಿಸಿಲು ಬೀಳಲಿ ಎಂದು ಬೇಡಿಕೊಳ್ಳುತ್ತೇನೆ.