ಇನ್ಶಿರಾಹ್ ಬರೆದ ಕಾಗದ

ಇನ್ಶಿರಾಹ್ ನನ್ನ ತಂಗಿಯ ಮಗಳು. ಹನ್ನೊಂದು ವರ್ಷ ಕುವೈತಿನಲ್ಲಿ ಭೌತಶಾಸ್ತ್ರ ಕಲಿಸಿ, ಗಂಡನ ಕೆಲಸ ಹೋದ ಮೇಲೆ ನಮ್ಮೂರು ಮನ್ಸೂರಕ್ಕೆ ಹಿಂದಿರುಗಿ, ನಮ್ಮ ಬೀದಿಯ ಹೆಣ್ಣುಮಕ್ಕಳ ಶಾಲೆಗೆ ಸೇರಿದಳು. ಕುವೈತಿನಲ್ಲಿ ಮಕ್ಕಳೆಲ್ಲ ಟ್ಯಾಬ್ ಹಿಡಿದೇ ಓದುತ್ತಿದ್ದರಂತೆ. ಇಲ್ಲಿಗೂ ಬಂದಿದ್ದವು, ಆದರೆ ಉಗ್ರಾಣದ ಫಖ್ರಿ ಅವನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗದ ಮೇಲೆ ಕೆಂಪು ಅರಗಿನ ಮುದ್ರೆ ಒತ್ತಿದ್ದ. ಸರ್ಕಾರದ ಸಾಮಾನು ಒಡೆದರೆ, ಅದು ಯಾರ ಸಹಿಯಲ್ಲಿದೆಯೋ ಅವರ ತಲೆಯ ಮೇಲೆ. ಅವನ ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳಿತ್ತು.

ಪರೀಕ್ಷೆಯೂ ಟ್ಯಾಬಿನಲ್ಲೇ. ಮಕ್ಕಳು ಅದನ್ನು ಮುಟ್ಟಿಯೂ ಇರಲಿಲ್ಲ. ಇನ್ಶಿರಾಹ್ ಒಂಬತ್ತು ದಿನ ಅವನ ಬೆನ್ನು ಬಿದ್ದಳು.

"ಮುಟ್ಟಿದ್ರೆ ತಾನೇ ಒಡೆಯೋದು, ಟೀಚರಮ್ಮ? ನನ್ನ ಹತ್ರ ಎಲ್ಲಾ ಮದುಮಗಳ ಹಾಗೆ ಕೂತಿವೆ" ಎನ್ನುತ್ತಿದ್ದ. ಕೊನೆಗೆ ಅಷ್ಟಕ್ಕೂ ತಾನೇ ಸಹಿ ಹಾಕಿ ಬೀರು ತೆಗೆಸಿದಳು.

ಬೀರು ತೆಗೆದ ಹನ್ನೆರಡನೆಯ ದಿನ ವಿಸಾಲ್ ಎಂಬ ಹುಡುಗಿಯ ಕೈಯಿಂದ ಒಂದು ಟ್ಯಾಬ್ ಜಾರಿ ಗಾಜು ಬಿರಿಯಿತು. ತರಗತಿಗೆ ಮೊದಲಿಗಳು, ಅಪ್ಪ ದೋಣಿಕಟ್ಟೆಯಲ್ಲಿ ಮೀನು ಮಾರುತ್ತಾನೆ. ಹೆದರಬೇಡ ಎಂದು ಸಮಾಧಾನ ಮಾಡಿದ ಇನ್ಶಿರಾಹ್, ಕುವೈತಿನಲ್ಲಿ ಮಾಡುತ್ತಿದ್ದ ಹಾಗೆಯೇ ಶಿಕ್ಷಣ ಕಚೇರಿಗೆ ಕಾಗದ ಬರೆದಳು: ಯಾರ ಕೈಯಲ್ಲಿ, ಎಷ್ಟು ಹೊತ್ತಿಗೆ, ಹೇಗೆ. ಅಲ್ಲಿ ಬರೆದುಕೊಟ್ಟರೆ ಮಧ್ಯಾಹ್ನದೊಳಗೆ ಬೇರೆ ಟ್ಯಾಬ್ ಬರುತ್ತಿತ್ತು. ಇಲ್ಲಿ ಮೂರನೆಯ ದಿನ ವಿಸಾಲಳ ಅಪ್ಪನಿಗೆ ವಿಚಾರಣೆಯ ಕರೆ ಬಂತು.

ಫಖ್ರಿ ತಲೆ ಚಚ್ಚಿಕೊಂಡ. "ಹುಡುಗಿ ಹೆಸ್ರು ಯಾಕಮ್ಮ ಬರೆದೆ? ಬೀರು ಹಲಗೆ ಕುಸೀತು ಅಂತ ಬರೆದಿದ್ರೆ ಆಗ್ತಿತ್ತು. ಹಲಗೇನ ಯಾರು ಕಚೇರಿಗೆ ಕರೀತಾರೆ?"

ಕಾಗದ ವಾಪಸು ಕೇಳಲು ಓಡಿದಳು. ಅದಕ್ಕೆ ಆಗಲೇ ನಂಬರು ಬಿದ್ದಿತ್ತು. ನಂಬರು ಬಿದ್ದದ್ದನ್ನು ಹರಿಯುವ ಅಧಿಕಾರ ಯಾರಿಗೂ ಇಲ್ಲವಂತೆ.

ವಿಸಾಲ್ ಶಾಲೆಗೆ ಬರುವುದು ನಿಂತಿತು. ಪರೀಕ್ಷೆಗೆ ಎರಡು ದಿನವಿದ್ದಾಗ ಇನ್ಶಿರಾಹ್ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದಳು. ಮುದುಕಿಯ ಮುಖ ನೋಡಿಯಾದರೂ ಬಾಗಿಲು ತೆಗೆದಾರು ಎಂದು. ತೆಗೆಯಲಿಲ್ಲ. ಮಗಳು ಊರಲ್ಲಿಲ್ಲ ಎಂದು ಅಪ್ಪ ಒಳಗಿನಿಂದಲೇ ಹೇಳಿದ. ಅವನ ಹಿಂದೆ ಹುಡುಗಿ ಬಿಕ್ಕುವುದು ನಮಗೆ ಕೇಳುತ್ತಿತ್ತು.

"ತಪ್ಪು ನಂದು ಅಣ್ಣಾ. ವಿಚಾರಣೆಗೆ ನಾನು ನಿಲ್ತೀನಿ. ಅವಳನ್ನ ಪರೀಕ್ಷೆಗೆ ಒಂದು ಕಳಿಸು."

"ನೀನು ಒಳ್ಳೇವಳೇ, ತಾಯಿ. ಹೋದ್ಸಲ ಒಳ್ಳೇದಕ್ಕೇ ಬರೆದೆ. ಇನ್ನು ಏನೂ ಮಾಡ್ಬೇಡ."

ಅವಳು ಬಾಗಿಲಿಗೆ ಹಣೆ ಒತ್ತಿ ನಿಂತಳು. ನಾನೇ ಕೈ ಹಿಡಿದು ಎಳೆದು ತಂದೆ.

ಪರೀಕ್ಷೆಯ ದಿನ ಒಂಬತ್ತಕ್ಕೆ ಗೇಟು ಹಾಕುವಾಗ ಕಾವಲಿನವನ ತೋಳು ಹಿಡಿದು ಇನ್ನೈದು ನಿಮಿಷ ಎಂದು ಬೇಡಿದಳಂತೆ. ಅವನು ಹತ್ತು ನಿಮಿಷ ಕಾದ. ವಿಸಾಲ್ ಬರಲಿಲ್ಲ.

ಬೇಸಿಗೆಯಲ್ಲಿ ಅವಳನ್ನು ದಮಿಯೆತ್ತ ಊರಿನ ಕಡೆಯವನಿಗೆ ಮದುವೆ ಮಾಡಿಕೊಟ್ಟ ಸುದ್ದಿ ಮೀನು ಕೊಳ್ಳುವಾಗ ನನ್ನ ಕಿವಿಗೆ ಬಿತ್ತು. ಬಂದು ಇನ್ಶಿರಾಹಳಿಗೆ ಹೇಳಿದೆ.

"ಅವಳಿಗಿನ್ನೂ ಹದಿನಾರು, ದೊಡ್ಡಮ್ಮ" ಎಂದಳು.