ಒತ್ತುವ ಮುಂಚೆ ಒಂದು ಫೋನು

ಬೆಳಗ್ಗೆ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಕೂತ ಹೆಂಗಸೊಬ್ಬರು ಸರ್ಜನ್ನರನ್ನು ಫೋನಿನಲ್ಲಿ ಎಬ್ಬಿಸುತ್ತಿದ್ದಾರೆ.

“ಡಾಕ್ಟ್ರೇ, ಆಪರೇಷನ್ ಪಟ್ಟಿ ಬದಲಾಗಿದೆ, ತೆರೆದು ನೋಡಿ ಅಂತ ನಿಮ್ಮ ಹೆಸರಲ್ಲಿ ಈಮೇಲ್ ಬಂದಿದೆ. ನೀವೇ ಕಳ್ಸಿದ್ದಾ?”

“ನಾನಿನ್ನೂ ಹಾಸಿಗೇಲಿದೀನಿ ತಾಯಿ.”

“ಹಾಗಾದ್ರೆ ಮಲ್ಕೊಳ್ಳಿ.”

ಈಮೇಲ್ ಕಸಕ್ಕೆ ಹೋಗುತ್ತದೆ. ಎಂಟು ಗಂಟೆಯ ಆಪರೇಷನ್ ಎಂಟಕ್ಕೇ ಶುರುವಾಗುತ್ತದೆ. ಮೇಜಿನ ಮೇಲೆ ಮಲಗಿದವರಿಗೆ ಇದ್ಯಾವುದೂ ಗೊತ್ತಿಲ್ಲ.

ಆಸ್ಪತ್ರೆಯವರಿಗೆಲ್ಲ ಇವರು ಫೋನಕ್ಕ. ಹತ್ತೊಂಬತ್ತು ವರ್ಷ ಇಲ್ಲೇ ಟೆಲಿಫೋನ್ ಆಪರೇಟರ್ ಆಗಿದ್ದವರು, ಈಗ ಕಂಪ್ಯೂಟರ್‌ಗಳ ಕಾವಲಿಗಿದ್ದಾರೆ. ಅನುಮಾನದ ಈಮೇಲ್‌ಗಳನ್ನು ಯಂತ್ರವೇ ಬೇರೆ ಕೂಡಿಹಾಕುತ್ತದೆ, ದಿನಕ್ಕೆ ಮುನ್ನೂರರ ಮೇಲೆ. ಅದರಲ್ಲಿ ಅಸಲಿ ಪತ್ರಗಳೂ ಸಿಕ್ಕಿಬಿದ್ದಿರುತ್ತವೆ. ಹಾಗಾಗಿ ಒಂದೊಂದನ್ನೂ ಇವರು ಕಣ್ಣಾರೆ ನೋಡಬೇಕು.

“ಕಳ್ಳರಲ್ಲಿ ನಾನಾ ಥರ,” ಅನ್ನುತ್ತಾರೆ, ಚಹಾ ಲೋಟ ಪಕ್ಕಕ್ಕಿಟ್ಟು. “ಒಬ್ಬ ದೊಡ್ಡ ಡಾಕ್ಟ್ರ ವೇಷ ಹಾಕ್ಕೊಂಡು ಬರ್ತಾನೆ. ಇನ್ನೊಬ್ಬ ದಿನವಿಡೀ ಪಾಸ್‌ವರ್ಡ್ ಊಹಿಸ್ತಾ ಚಿಲಕ ಅಲ್ಲಾಡಿಸ್ತಾನೆ. ಮತ್ತೊಬ್ಬನಿಗೆ ಒಳಗೆ ಬರೋದೇ ಬೇಡ. ಸಾವಿರಾರು ಯಂತ್ರಗಳನ್ನ ನಮ್ಮ ವೆಬ್‌ಸೈಟಿಗೆ ಒಟ್ಟಿಗೆ ನುಗ್ಗಿಸಿ, ನಿಜವಾದ ರೋಗಿಗೆ ಬಾಗಿಲೇ ಸಿಗದ ಹಾಗೆ ಮಾಡ್ತಾನೆ.”

ಇಷ್ಟು ತಿಳಿದವರೂ ಒಮ್ಮೆ ಮೋಸ ಹೋದವರೇ. ಮೂರು ವರ್ಷದ ಹಿಂದೆ, ಫೋನಿನ ಜೊತೆ ಆಸ್ಪತ್ರೆಯ ಈಮೇಲನ್ನೂ ಇವರೇ ನೋಡುತ್ತಿದ್ದಾಗ, ಲ್ಯಾಬಿನದೆಂದು ಬಂದ ಫೈಲೊಂದನ್ನು ತೆರೆದರು. ಅರ್ಧ ಗಂಟೆಯಲ್ಲಿ ಆಸ್ಪತ್ರೆಯ ಅಷ್ಟೂ ಕಂಪ್ಯೂಟರ್‌ಗಳಿಗೆ ಕಳ್ಳರ ಬೀಗ ಬಿತ್ತು. ನಾಲ್ಕು ದಿನ ನರ್ಸ್‌ಗಳು ವರದಿಗಳನ್ನು ಕೈಯಲ್ಲಿ ಹಿಡಿದು ಮಹಡಿ ಹತ್ತಿಳಿದರು. ಹನ್ನೊಂದು ಆಪರೇಷನ್ ಮುಂದಕ್ಕೆ ಹೋದವು.

“ರಾಜೀನಾಮೆ ಬರ್ಕೊಂಡು ಹೋದೆ. ಹೆಡ್ ನರ್ಸ್ ಓದಿ ಹರಿದು ಹಾಕಿದ್ರು. ಗುಂಡಿ ಎಲ್ಲಿದೆ ಅಂತ ಬಿದ್ದೋಳಿಗೇ ಗೊತ್ತಿರೋದು, ನೀನೇ ಕಾವಲು ಕೂತ್ಕೋ ಅಂದ್ರು.”

ಹಾಗೆ ಕೂತವರ ಮುಖ್ಯ ಆಯುಧ, ಎಲ್ಲರ ನಂಬರು ಬರೆದಿಟ್ಟ ಆಪರೇಟರ್ ಕಾಲದ ನೋಟ್‌ಬುಕ್ಕು. ಅದರ ರಟ್ಟಿಗೆ ಮೂರು ಸಲ ಅಂಟುಪಟ್ಟಿ ಬಿದ್ದಿದೆ. ಪತ್ರದಲ್ಲಿರುವ ನಂಬರಿಗೆ ಇವರು ಅಪ್ಪಿತಪ್ಪಿಯೂ ಫೋನ್ ಮಾಡುವುದಿಲ್ಲ. “ಅದಕ್ಕೆ ಮಾಡಿದ್ರೆ ಕಳ್ಳನೇ ಎತ್ತಿ, ಹೌದು ನಾನೇ ಅಂತಾನೆ,” ಎಂದು ನಗುತ್ತಾರೆ.

ಈ ಚಾಳಿ ಮನೆಯನ್ನೂ ಬಿಟ್ಟಿಲ್ಲ. “ಹಾಲು ತಾ ಅಂತ ಮೆಸೇಜ್ ಹಾಕಿದ್ರೂ, ನೀವೇ ಹಾಕಿದ್ದಾ ಅಂತ ಕೇಳ್ತಾಳೆ. ಅಷ್ಟರಲ್ಲಿ ಅಂಗಡಿ ಬಾಗಿಲು ಹಾಕಿರುತ್ತೆ,” ಎಂದು ಯಜಮಾನರ ದೂರು. ಪಾಪ, ಅವರ ಕಷ್ಟ ಅವರಿಗೆ.

ಈ ಲೇಖನ ಬರೆದು ಮುಗಿಸಿ, ತಪ್ಪಿದ್ದರೆ ತಿದ್ದಲಿ ಎಂದು ಫೋನಕ್ಕನಿಗೆ ಈಮೇಲ್ ಮಾಡಿದೆ. ಮರುದಿನ ಬೆಳಗ್ಗೆ ಐದೂ ನಲವತ್ತಕ್ಕೆ ಫೋನು ಬಡಿದುಕೊಂಡಿತು. ನಾನೇ ಅವರ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದ ನಂಬರಿಗೇ ಮಾಡಿದ್ದರು.

“ನಿಮ್ಮ ಹೆಸರಲ್ಲಿ ಒಂದು ಫೈಲ್ ಬಂದಿದೆ. ನೀವೇ ಕಳ್ಸಿದ್ದಾ?”

ಹಾಸಿಗೆಯಲ್ಲಿ ಕೂತು, ಆಕಳಿಸುತ್ತ ಹೌದೆಂದೆ. ಆ ನಾಲ್ಕು ದಿನದ ಕಥೆ ಬೇಡವಾದರೆ ತೆಗೆಯುತ್ತೇನೆ ಎಂದೂ ಹೇಳಿದೆ.

“ಇರ್ಲಿ ಬಿಡಿ, ಮುಚ್ಚಿಡೋದೇನಿದೆ? ಅದನ್ನ ಓದಿ ಯಾರಾದ್ರೂ ಒಬ್ರು ಒತ್ತೋ ಮುಂಚೆ ಫೋನ್ ಮಾಡಿದ್ರೆ ಸಾಕು ನಂಗೆ. ಸರಿ, ಈಗ ತೆರೀತೀನಿ. ನೀವು ಮಲ್ಕೊಳ್ಳಿ.”