ಅತ್ತೆಗೆ ತಡವಾಗಿ ಕಂಡ ಜಗಲಿ

ಅತ್ತೆಯ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಗೀರು ಇತ್ತು. ಬಾಳೆನಾರು ಎಳೆದೆಳೆದು ಬಿದ್ದದ್ದು. ಎಷ್ಟು ತಿಕ್ಕಿ ತೊಳೆದರೂ ಅದರ ಕಪ್ಪು ಬಿಡುತ್ತಿರಲಿಲ್ಲ. ಶಂಕರಪುರದ ಅವರ ಜಗಲಿಯಲ್ಲಿ ಬೆಳಗಾದರೆ ನಾಲ್ಕೈದು ಹೆಂಗಸರು ಕೂತು ಮಲ್ಲಿಗೆ ಕಟ್ಟುತ್ತಿದ್ದರು. ನಡುವೆ ಕೂತ ಅತ್ತೆ ಕಟ್ಟುತ್ತಲೇ ಬೈಯುತ್ತಿದ್ದರು. ತಲೆ ಎತ್ತಿ ಬೈದದ್ದನ್ನು ನಾನು ಕಂಡಿಲ್ಲ. ಕಣ್ಣು ಮೊಗ್ಗಿನ ಮೇಲೆ, ಬಾಯಿ ಪಕ್ಕದವರ ಮೇಲೆ.

"ಮೊಗ್ಗು ನಿನಗೆ ಕಾಯುತ್ತದಾ ಮಾರಾಯ್ತಿ? ಅರಳಿದ ಮೇಲೆ ಯಾರಿಗೆ ಬೇಕು ಅದು?"

ಹೆಚ್ಚಿನ ಬೈಗುಳ ಕಂಬದ ಪಕ್ಕ ಕೂರುವ ಹೆಂಗಸಿನ ಪಾಲಿಗೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಜೊತೆಗೆ ಹೂ ಕಟ್ಟಿದಾಕೆ. "ಆಯಿತಕ್ಕ" ಅನ್ನುವುದು ಬಿಟ್ಟು ಆಕೆ ಬೇರೆ ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ.

ಹೃದಯದ ತೊಂದರೆಯಾಗಿ ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಅತ್ತೆಗಿದ್ದ ಚಿಂತೆ ಜೀವದ್ದಲ್ಲ, ಜಗಲಿಯದು. "ನಾನಿಲ್ಲದೆ ಅಲ್ಲಿ ಎಂತ ನಡೀತಾ ಉಂಟೋ" ಎಂದು ಊಟ ಬಿಟ್ಟರು. ನಾನು ಅಲ್ಲೇ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸದವನು. ತೋಟಕ್ಕೆ ದನ ನುಗ್ಗುತ್ತದೆಂದು ಹಾಕಿಸಿದ್ದ ಕ್ಯಾಮೆರಾವನ್ನು, ಹೂ ಕಟ್ಟುವವರನ್ನು ಕೇಳಿಯೇ, ಜಗಲಿಯತ್ತ ತಿರುಗಿಸಿದೆ. "ನಮ್ಮನ್ನು ಟಿವಿಯಲ್ಲಿ ಹಾಕುತ್ತೀರಾ? ಹಾಗಾದರೆ ನಾಳೆ ಒಳ್ಳೆಯ ಸೀರೆ" ಎಂದು ನಕ್ಕರು. ಆ ವಿಡಿಯೋ ಇಂಟರ್ನೆಟ್ ಮೂಲಕ ನನ್ನ ಲ್ಯಾಪ್‌ಟಾಪಿಗೆ ಬರುವಂತೆ ಪೈಥಾನಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಮೊದಲು ಕ್ಯಾಮೆರಾದ ವಿಳಾಸ ತಪ್ಪು, ಆಮೇಲೆ ಪಾಸ್‌ವರ್ಡ್ ತಪ್ಪು, ಎರಡೂ ಸರಿಯಾದಾಗ ಪರದೆ ಪೂರಾ ಕಪ್ಪು. ಕೊನೆಗೊಂದು ಬೆಳಿಗ್ಗೆ ಜಗಲಿ ಮೂಡಿತು. ಅತ್ತೆಯ ಕಣ್ಣು ಮಂಜು. ಅದಕ್ಕೆ ಚಿತ್ರವನ್ನು ದೊಡ್ಡದು ಮಾಡಿ ತೋರಿಸುವಂತೆಯೂ ಬರೆದಿದ್ದೆ.

ಗೊಂದಲ ಶುರುವಾದದ್ದು ಅಲ್ಲಿಂದ. ಕಟ್ಟಿಟ್ಟ ಹೂವಿನ ಚೆಂಡುಗಳ ಮೇಲೆ ಬಿಸಿಲು ಬೀಳುವುದನ್ನು ಕಂಡು ಅತ್ತೆ ಕಂಬದ ಪಕ್ಕದಾಕೆಗೆ ಫೋನ್ ಮಾಡಿಸಿದರು.

"ಹೂ ಬಿಸಿಲಲ್ಲಿ ಉಂಟು, ಕಣ್ಣು ಕಾಣುವುದಿಲ್ವಾ ನಿನಗೆ?"

"ಆಗಲೇ ಒಳಗಿಟ್ಟೆ ಅಕ್ಕ."

"ಸುಳ್ಳು ಹೇಳಬೇಡ! ನಾನು ನೋಡ್ತಾ ಇದ್ದೇನೆ."

"ದೇವರಾಣೆ ಅಕ್ಕ, ಒಳಗಿಟ್ಟೆ."

ಅತ್ತೆ ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದರು. "ಎಂತ ಮಾರಾಯ ಇದು? ಇವಳು ಇಲ್ಲಿ ಬಾಯಿ ಮುಚ್ಚಿ ಹೂ ಕಟ್ತಾ ಇದ್ದಾಳೆ. ಹಾಗಾದರೆ ನನ್ನ ಹತ್ತಿರ ಮಾತಾಡುವವಳು ಯಾರು?"

ನನಗೂ ತಲೆಬುಡ ತಿಳಿಯಲಿಲ್ಲ. ಚಿತ್ರದಲ್ಲಿ ಆಕೆಯ ಫೋನ್ ನೆಲದ ಮೇಲೆ. ಸ್ವರ ಅತ್ತೆಯ ಕಿವಿಯಲ್ಲಿ.

"ಇಷ್ಟು ವರ್ಷದ ಮೇಲೆ ನನಗೇ ಸುಳ್ಳು ಹೇಳುತ್ತೀಯಲ್ಲ! ನಾಳೆಯಿಂದ ನನ್ನ ಜಗಲಿ ಹತ್ತಬೇಡ!" ಅತ್ತೆ ಫೋನ್ ನನ್ನ ಕೈಗೆ ತುರುಕಿದರು.

ಐದಾರು ನಿಮಿಷ ಕಳೆದಿರಬೇಕು. ಪರದೆಯಲ್ಲಿ ಆಕೆ ಎದ್ದಳು, ಚೆಂಡುಗಳನ್ನೆಲ್ಲ ಎತ್ತಿ ಒಳಗಿಟ್ಟು ಬಂದು ಕೂತಳು. ಆಮೇಲೆ, ರಿಂಗಾದ ಫೋನನ್ನು ಎತ್ತಿಕೊಂಡಳು. ಆಗ ಹೊಳೆಯಿತು ನನಗೆ. ಒಂದೊಂದು ಚಿತ್ರವನ್ನೂ ದೊಡ್ಡದು ಮಾಡುತ್ತಾ ನನ್ನ ಪ್ರೋಗ್ರಾಂ ಹಿಂದೆ ಬಿದ್ದಿತ್ತು. ಕ್ಯಾಮೆರಾ ಕಳಿಸಿದ ಚಿತ್ರಗಳೆಲ್ಲ ಸಾಲಿನಲ್ಲಿ ನಿಂತು ಕಾಯುತ್ತಿದ್ದವು.

"ಅತ್ತೆ, ಇದು ತಡವಾಗಿ ಬರ್ತಾ ಉಂಟು. ನೀವು ಆಗ ಬೈದದ್ದು ಇಲ್ಲಿ ಈಗ ಕಾಣುವುದು."

ಅತ್ತೆ ಪರದೆಯತ್ತ ಬಾಗಿದರು. ಕಂಬದ ಪಕ್ಕ ಕೂತ ಆಕೆಯೇ ಕ್ಯಾಮೆರಾಕ್ಕೆ ಹತ್ತಿರ. ಸ್ವರವಿಲ್ಲ, ಮುಖ ಮಾತ್ರ, ದೊಡ್ಡದಾಗಿ. ಏನೋ ಹೇಳಿದಳು, ಮತ್ತೇನೋ ಹೇಳಿದಳು, ಆಮೇಲೆ ಸುಮ್ಮನೆ ಕೇಳಿಸಿಕೊಂಡಳು. ಫೋನ್ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿದಳು. ಪಕ್ಕದವಳು ಕೇಳಿದ್ದಕ್ಕೆ ನಕ್ಕು ಮತ್ತೆ ನಾರು ಎತ್ತಿಕೊಂಡಳು.

ಅತ್ತೆ ಕೇಳಿದರು: "ನಾನು ಬೈದರೆ ಇವಳು ಅಳುತ್ತಾಳಾ ಮಗಾ?"

ನನ್ನ ಉತ್ತರಕ್ಕೆ ಕಾಯದೆ ಮತ್ತೆ ಫೋನ್ ಮಾಡು ಎಂದರು. ತಪ್ಪಾಯಿತು ಅನ್ನುವ ಅಭ್ಯಾಸ ಆ ನಾಲಗೆಗಿಲ್ಲ. ಫೋನ್ ಹಿಡಿದು ತಡವರಿಸಿದರು. ಕಡೆಗೆ, "ಚಾ ಕುಡಿದಿಯಾ ನೀನು?" ಎಂದರು. "ನಾಳೆ ಬೇಗ ಬಾ."

ಆ ವಾರದೊಳಗೆ ಅತ್ತೆ ತೀರಿಕೊಂಡರು.

ಕಾರ್ಯದ ದಿನ ಆಕೆ ನನ್ನನ್ನು ಬದಿಗೆ ಕರೆದಳು. "ಅಕ್ಕ ಚಾ ಕುಡಿದಿಯಾ ಅಂತ ಕೇಳಿದ್ರು ಮಾರಾಯ್ರೆ. ಇಷ್ಟು ವರ್ಷದಲ್ಲಿ ಒಂದು ದಿನ ಕೇಳಿದವರಲ್ಲ. ಆಗಲೇ ನನಗೆ ಹೆದರಿಕೆ ಆಯ್ತು, ಇನ್ನು ಇವರು ಮನೆಗೆ ಬರುವುದಿಲ್ಲ ಅಂತ. ಯಾಕೆ ಕೇಳಿದ್ದು ಅವರು?"

ಆ ಕತೆಯನ್ನು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, "ನೀವು ಕುಡಿದಿದ್ದಿರಾ?" ಎಂದೆ.

"ಎಲ್ಲಿಂದ! ಅವರು ಹಾಗೆ ಬೈದ ಮೇಲೆ ಗಂಟಲಲ್ಲಿ ಇಳಿಯುತ್ತದಾ? ಆದರೆ ಕುಡಿದೆ ಅಂದೆ. ಅಕ್ಕನಿಗೆ ನಾನು ಹೇಳಿದ ಸುಳ್ಳು ಅದೊಂದೇ."